ಪದ ಹೊಸದು, ಲೆಕ್ಕ ಹಳೆಯದು: ಕಾಲೇಜಿನ ಸಂಖ್ಯಾಶಾಸ್ತ್ರ ಪರೀಕ್ಷೆಗೆ ಸಿದ್ಧತೆ

ದೌಲತಾಬಾದ್, ತಾಂಡೂರು, ನಾರಾಯಣಖೇಡ್, ಜಹೀರಾಬಾದ್ ಸುತ್ತಲಿನ ಗಡಿ ಊರುಗಳಲ್ಲಿ ಕನ್ನಡದಲ್ಲಿ ಓದಿ ಕಾಲೇಜು ಸೇರಿದ ಮಕ್ಕಳನ್ನು ಮೊದಲು ಅಂಜಿಸುವ ವಿಷಯಗಳಲ್ಲಿ ಸಂಖ್ಯಾಶಾಸ್ತ್ರವೂ ಒಂದು. ಪಾಠವೂ ಪ್ರಶ್ನೆಪತ್ರಿಕೆಯೂ ಇಂಗ್ಲಿಷಿನಲ್ಲಿದ್ದಾಗ, ಕನ್ನಡ ಶಾಲೆಗೆ ಕಳುಹಿಸಿದ್ದೇ ತಪ್ಪಾಯಿತೇ ಎಂಬ ಅಳುಕು ಪಾಲಕರಲ್ಲಿ ಮೂಡುತ್ತದೆ. ಅಳುಕು ಸಹಜ, ಆದರೆ ಆ ತೀರ್ಮಾನ ಸರಿಯಲ್ಲ. ಈ ಪರೀಕ್ಷೆಯ ಅಡಿಪಾಯವು ಹತ್ತನೇ ತರಗತಿಯ ಗಣಿತದಲ್ಲಿಯೇ ಇದೆ. ಅಲ್ಲಿ ಕಲಿತ ಸರಾಸರಿಯೇ ಇಲ್ಲಿಯ ಮೀನ್, ಮಧ್ಯಾಂಕವೇ ಮೀಡಿಯನ್, ಬಹುಲಕವೇ ಮೋಡ್, ಸಂಭವನೀಯತೆಯೇ ಪ್ರಾಬಬಿಲಿಟಿ.

ಆದ್ದರಿಂದ ಮೊದಲ ಕೆಲಸ, ಒಂದು ನೋಟುಪುಸ್ತಕದಲ್ಲಿ ಎರಡು ಸಾಲು ಹಾಕಿ ಕನ್ನಡ ಪದದ ಎದುರು ಇಂಗ್ಲಿಷ್ ಪದವನ್ನು ಬರೆಯುವುದು. ಪ್ರತಿ ಪದಕ್ಕೂ ಒಂದು ಚಿಕ್ಕ ಲೆಕ್ಕವನ್ನು ಜೋಡಿಸುವುದು. ಅರ್ಥವನ್ನು ಕನ್ನಡದಲ್ಲಿ ಗ್ರಹಿಸಿ, ಉತ್ತರವನ್ನು ಇಂಗ್ಲಿಷಿನಲ್ಲಿ ಬರೆಯುವ ಅಭ್ಯಾಸ ಹೀಗೆ ಬೆಳೆಯುತ್ತದೆ.

ಎರಡನೆಯದು, ಸೂತ್ರವನ್ನು ಬಾಯಿಪಾಠ ಮಾಡುವ ಮುನ್ನ ಕೈಯಾರೆ ಲೆಕ್ಕ ಮಾಡುವುದು. ಒಂದು ಊರಿನ ಐವರು ತೊಗರಿ ಬೆಳೆಗಾರರ ಹೊಲ 2, 3, 3, 4, 28 ಎಕರೆ ಎಂದಿಟ್ಟುಕೊಳ್ಳೋಣ. ಮೊತ್ತ 40, ಸರಾಸರಿ 8 ಎಕರೆ. ಆದರೆ ಅವರಲ್ಲಿ ನಾಲ್ವರಿಗೆ ನಾಲ್ಕು ಎಕರೆಗಿಂತ ಹೆಚ್ಚಿಲ್ಲ. ಮಧ್ಯಾಂಕ 3, ಊರಿನ ನಿಜಸ್ಥಿತಿಗೆ ಹತ್ತಿರವಾದುದು ಇದೇ. ಒಂದು ದೊಡ್ಡ ಸಂಖ್ಯೆ ಸರಾಸರಿಯನ್ನು ತನ್ನತ್ತ ಎಳೆಯುತ್ತದೆ, ಮಧ್ಯಾಂಕವನ್ನು ಕದಲಿಸುವುದಿಲ್ಲ. ಯಾವ ಅಳತೆ ಎಲ್ಲಿ ಸೂಕ್ತ ಎಂಬ ಪ್ರಶ್ನೆಗೆ ಈ ಒಂದು ಉದಾಹರಣೆಯೇ ಉತ್ತರ.

ಪಕ್ಕದ ಊರಿನ ಐವರ ಹೊಲ 7, 8, 8, 8, 9 ಎಕರೆ ಇರಲಿ. ಅಲ್ಲಿಯೂ ಸರಾಸರಿ 8. ಎರಡೂ ಊರು ಒಂದೇ ಎನ್ನಲಾದೀತೇ? ಈ ಅಂತರವನ್ನು ತೋರುವುದೇ ಮಾನಕ ವಿಚಲನೆ, ಅಂದರೆ ಸ್ಟ್ಯಾಂಡರ್ಡ್ ಡೀವಿಯೇಷನ್. ಪ್ರತಿ ಸಂಖ್ಯೆಯಿಂದ ಸರಾಸರಿಯನ್ನು ಕಳೆದು, ಬಂದುದನ್ನು ವರ್ಗ ಮಾಡಿ, ಎಲ್ಲವನ್ನೂ ಕೂಡಿಸಿ, 5ರಿಂದ ಭಾಗಿಸಿ, ವರ್ಗಮೂಲ ತೆಗೆಯಬೇಕು. ಮೊದಲ ಊರಿನಲ್ಲಿ ವರ್ಗಗಳ ಮೊತ್ತ 502, ಮಾನಕ ವಿಚಲನೆ ಸುಮಾರು 10.02; ಎರಡನೆಯದರಲ್ಲಿ ಮೊತ್ತ 2, ವಿಚಲನೆ ಸುಮಾರು 0.63.

ಇಲ್ಲಿಯೇ ಅನೇಕರು ಅಂಕ ಕಳೆದುಕೊಳ್ಳುತ್ತಾರೆ. ಐವರೇ ಇಡೀ ಸಮೂಹವಾಗಿದ್ದರೆ 5ರಿಂದ ಭಾಗಿಸಬೇಕು. ದೊಡ್ಡ ಸಮೂಹದಿಂದ ಆರಿಸಿದ ಮಾದರಿಯಾಗಿದ್ದು, ಅದರಿಂದ ಇಡೀ ಸಮೂಹದ ವಿಚಲನೆಯನ್ನು ಅಂದಾಜಿಸುವುದಾದರೆ, ಒಂದನ್ನು ಕಳೆದು 4ರಿಂದ ಭಾಗಿಸುವುದು ವಾಡಿಕೆ. ಆಗ ಮೊದಲ ಊರಿನ ಉತ್ತರ ಸುಮಾರು 11.20. ಪ್ರಶ್ನೆಯಲ್ಲಿ ‘ಪಾಪ್ಯುಲೇಷನ್’ ಎಂದಿದೆಯೋ ‘ಸ್ಯಾಂಪಲ್’ ಎಂದಿದೆಯೋ ನೋಡಿ ಗೆರೆ ಎಳೆದುಕೊಂಡೇ ಲೆಕ್ಕ ಆರಂಭಿಸಬೇಕು.

ಪರೀಕ್ಷೆಗೆ ಮೂರು ವಾರ ಉಳಿದಿದ್ದರೆ, ಮೊದಲ ವಾರ ಪದಗಳಿಗೂ ಸಣ್ಣ ಲೆಕ್ಕಗಳಿಗೂ, ಎರಡನೆಯ ವಾರ ಸಂಭವನೀಯತೆ ಹಾಗೂ ಸಹಸಂಬಂಧಕ್ಕೂ, ಕೊನೆಯ ವಾರ ಹಳೆಯ ಪ್ರಶ್ನೆಪತ್ರಿಕೆಗಳನ್ನು ಗಡಿಯಾರ ಇಟ್ಟುಕೊಂಡು ಬಿಡಿಸುವುದಕ್ಕೂ ಮೀಸಲಿಡುವುದು ಒಳಿತು. ಪ್ರತಿ ಉತ್ತರದ ಕೊನೆಗೆ, ಆ ಸಂಖ್ಯೆ ಏನು ಹೇಳುತ್ತದೆ ಎಂಬ ಒಂದು ಇಂಗ್ಲಿಷ್ ವಾಕ್ಯವಿರಲಿ. ಭಾಷೆಯ ಅಭ್ಯಾಸ ಬೇಕಾದುದು ಅಲ್ಲಿಯೇ.

ಪಾಲಕರಿಗೂ ಇದರಲ್ಲಿ ಪಾತ್ರವಿದೆ. ಹತ್ತು ದಿನದ ತೊಗರಿ ಧಾರಣೆಯನ್ನು ಬರೆದಿಟ್ಟು, ಮಧ್ಯಾಂಕವೆಷ್ಟು ಎಂದು ಮಕ್ಕಳನ್ನು ಕೇಳಿದರೆ ಸಾಕು. ಕನ್ನಡದಲ್ಲಿ ವಿವರಿಸಿ ಹೇಳಬಲ್ಲ ಮಗುವಿಗೆ ವಿಷಯ ದಕ್ಕಿದೆ ಎಂದೇ ಅರ್ಥ.

ಜಗತ್ತಿನ ಶ್ರೇಷ್ಠ ಸಂಖ್ಯಾಶಾಸ್ತ್ರಜ್ಞರಲ್ಲಿ ಒಬ್ಬರಾದ ಸಿ. ಆರ್. ರಾವ್ ಅವರು 1920ರಲ್ಲಿ ಕನ್ನಡನಾಡಿನ ಹೂವಿನಹಡಗಲಿಯಲ್ಲಿ ತೆಲುಗು ಕುಟುಂಬವೊಂದರಲ್ಲಿ ಹುಟ್ಟಿದರು. 1945ರ ಅವರ ಪ್ರಬಂಧಕ್ಕೆ 2023ರಲ್ಲಿ ಅಂತರರಾಷ್ಟ್ರೀಯ ಸಂಖ್ಯಾಶಾಸ್ತ್ರ ಪ್ರಶಸ್ತಿ ಸಂದಿತು. ಅವರು ಹುಟ್ಟಿದ್ದು ಕನ್ನಡದ ಊರಿನ ತೆಲುಗು ಮನೆಯಲ್ಲಿ. ನಮ್ಮ ಮಕ್ಕಳು ಬೆಳೆಯುತ್ತಿರುವುದು ತೆಲುಗು ನಾಡಿನ ಕನ್ನಡ ಮನೆಗಳಲ್ಲಿ. ಮನೆಮಾತು ಬೇರೆಯಾದ ಮಾತ್ರಕ್ಕೆ ಈ ಶಾಸ್ತ್ರ ಯಾರಿಗೂ ಬಾಗಿಲು ಮುಚ್ಚುವುದಿಲ್ಲ.