ವಿಜ್ಞಾನ ಸಲಹೆಗಾರರ ಆಪ್ತ ಕಾರ್ಯದರ್ಶಿ

ಆಪ್ತ ಕಾರ್ಯದರ್ಶಿ ಎಂದೊಡನೆ ನಮ್ಮಲ್ಲಿ ಬಹುಮಂದಿಯ ಕಣ್ಣಮುಂದೆ ಬಂದು ನಿಲ್ಲುವ ಚಿತ್ರವೊಂದುಂಟು. ದೊಡ್ಡ ಅಧಿಕಾರಿಯ ಕೊಠಡಿಯ ಹೊರಗೊಂದು ಚಿಕ್ಕ ಮೇಜು; ಮೇಜಿನ ಮೇಲೆ ಟೆಲಿಫೋನು; ಅದರ ಹಿಂದೆ, ‘ಸಾಹೇಬರು ಸಭೆಯಲ್ಲಿದ್ದಾರೆ’ ಎಂದು ಹೇಳುವುದನ್ನೇ ಕಸುಬು ಮಾಡಿಕೊಂಡ ಒಬ್ಬ ವ್ಯಕ್ತಿ. ಈ ಚಿತ್ರ ಪೂರ್ತಿ ಸುಳ್ಳೇನೂ ಅಲ್ಲ. ಆದರೆ, ಸರ್ಕಾರಕ್ಕೆ ವಿಜ್ಞಾನದ ವಿಷಯದಲ್ಲಿ ಸಲಹೆ ಕೊಡುವ ಹಿರಿಯರೊಬ್ಬರ ಬಳಿ ಈ ಹುದ್ದೆಯಲ್ಲಿರುವವರು ಮಾಡುವ ಕೆಲಸವನ್ನು ಇಷ್ಟರಿಂದಲೇ ಅಳೆಯಲಾಗದು. ಶ್ರೋತೃಗಳೇ, ಈ ಹೊತ್ತು ನಾನು ತಮ್ಮ ಮುಂದೆ ಇಡಬೇಕೆಂದಿರುವುದು ಆ ಕೆಲಸದ ವಿಚಾರ.

ಹುದ್ದೆ ನಮ್ಮ ನಾಡಿಗೆ ಹೊಸದಲ್ಲ. ವಿಜಯನಗರದ ಕಾಲದಲ್ಲಿ ಅರಸರ ಬಳಿಯಿದ್ದು ನಿರೂಪಗಳನ್ನು ಬರೆಯುತ್ತಿದ್ದವರಿಗೆ ರಾಯಸದವರೆಂದು ಹೆಸರು. ಊರ ಲೆಕ್ಕ ಬರೆಯುವವನು ಮೈಸೂರು ಸೀಮೆಯಲ್ಲಿ ಶಾನುಭೋಗನಾದರೆ ಬಿಜಾಪುರದ ಸೀಮೆಯಲ್ಲಿ ಕುಲಕರ್ಣಿ. ಇಂದು ಸರ್ಕಾರದ ಕಾಗದಪತ್ರಗಳ ಕಟ್ಟಿಗೆ ನಾವು ಬಳಸುವ ‘ಕಡತ’ವೆಂಬ ಮಾತು, ಹಿಂದೆ ಹುಣಸೆಬೀಜದ ಅಂಟನ್ನೂ ಇದ್ದಲ ಪುಡಿಯನ್ನೂ ಬಳಿದ ಬಟ್ಟೆಯ ಮಡಿಕೆಪುಸ್ತಕಕ್ಕೆ ಸಲ್ಲುತ್ತಿತ್ತು. ಅದರ ಮೇಲೆ ಬಳಪದಿಂದ ಬರೆಯುತ್ತಿದ್ದರು, ಬೇಡವೆನಿಸಿದರೆ ಒರಸಿಬಿಡುತ್ತಿದ್ದರು. ಈಗಿನ ಕಡತಕ್ಕೆ ಆ ಸೌಕರ್ಯವಿಲ್ಲ! ಇನ್ನು ಹತ್ತಿರದ ನಿದರ್ಶನ ಬೇಕೆಂದರೆ, ಸರ್ ಮಿರ್ಜಾ ಇಸ್ಮಾಯಿಲರು 1926ರಲ್ಲಿ ಮೈಸೂರಿನ ದಿವಾನರಾಗುವುದಕ್ಕೆ ಮೊದಲು ಮಹಾರಾಜ ನಾಲ್ವಡಿ ಕೃಷ್ಣರಾಜ ಒಡೆಯರಿಗೆ ಆಪ್ತ ಕಾರ್ಯದರ್ಶಿಗಳಾಗಿದ್ದರೆಂಬುದನ್ನು ನೆನೆಯಬಹುದು.

ಕೇಂದ್ರ ಸರ್ಕಾರದಲ್ಲಿ ಈ ಹುದ್ದೆಗೆ ಏರುವ ಸಾಮಾನ್ಯ ಮೆಟ್ಟಲು ಶೀಘ್ರಲಿಪಿ. ಸ್ಪರ್ಧಾಪರೀಕ್ಷೆಯಲ್ಲಿ ಕೆಳದರ್ಜೆಗೆ ನಿಮಿಷಕ್ಕೆ 80 ಶಬ್ದ, ಅದರ ಮೇಲಿನ ದರ್ಜೆಗೆ 100 ಶಬ್ದಗಳ ವೇಗದಲ್ಲಿ ಹತ್ತು ನಿಮಿಷ ಹೇಳಿದ್ದನ್ನು ಬರೆದುಕೊಂಡು, ತಿರುಗಿ ಬಿಡಿಸಿ ಬೆರಳಚ್ಚು ಮಾಡಬೇಕು. ಅಲ್ಲಿಂದ ವರ್ಷಗಳ ಸೇವೆಯ ಮೇಲೆ ಆಪ್ತ ಕಾರ್ಯದರ್ಶಿ, ಪ್ರಧಾನ ಆಪ್ತ ಕಾರ್ಯದರ್ಶಿ ಎಂಬ ಪದವಿಗಳು. ಬ್ರಿಟನ್ನಿನ ಪದ್ಧತಿ ಬೇರೆ: ಅಲ್ಲಿ ಮುಂದೆ ದೊಡ್ಡ ಅಧಿಕಾರಕ್ಕೆ ಬರಬಹುದೆಂದು ಕಂಡ ತರುಣರನ್ನು ಆರಿಸಿ, ಎರಡು ಮೂರು ವರ್ಷ ಹಿರಿಯರ ಪಕ್ಕದಲ್ಲಿ ಕೂರಿಸುತ್ತಾರೆ. ಶೀಘ್ರಲಿಪಿಯಿಂದ ಬಂದವನಿಗೆ ಹೇಳಿದ ಮಾತನ್ನು ಹೇಳಿದಂತೆ ಹಿಡಿಯುವ ಶಿಸ್ತು ಇರುತ್ತದೆ. ಪಕ್ಕದಲ್ಲಿ ಕೂತು ಕಲಿತವನಿಗೆ ಮಾತಿನ ಹಿಂದಿರುವ ಉದ್ದೇಶವನ್ನು ಊಹಿಸುವ ಚಾತುರ್ಯ ಇರುತ್ತದೆ. ವಿಜ್ಞಾನ ಸಲಹೆಗಾರರ ಕಛೇರಿಗೆ ಇವೆರಡೂ ಬೇಕು. ಒಂದನ್ನೇ ಆರಿಸಬೇಕಾಗಿ ಬಂದರೆ ನಾನು ಮೊದಲನೆಯದನ್ನು ಆರಿಸುವೆನು. ಕಾರಣ ಮುಂದೆ ತಿಳಿದೀತು.

ದಿನದ ಕೆಲಸಗಳನ್ನು ಬೇಗನೆ ಹೇಳಿ ಮುಗಿಸಬಹುದು. ಬೆಳಗಿನ ಟಪಾಲನ್ನು ವಿಂಗಡಿಸುವುದು: ಇದು ಇಂದೇ ನೋಡತಕ್ಕದ್ದು, ಇದು ನಾಳೆಗೆ, ಇದು ಮತ್ತೊಬ್ಬರಿಗೆ. ಭೇಟಿಗಳನ್ನು ಗೊತ್ತುಮಾಡುವುದು. ಸಭೆಯಲ್ಲಿ ಹಿಂದಿನ ಕುರ್ಚಿಯಲ್ಲಿ ಕುಳಿತು, ಯಾರು ಯಾವುದನ್ನು ಎಂದಿನೊಳಗಾಗಿ ಮಾಡುವುದಾಗಿ ಒಪ್ಪಿದರೆಂಬುದನ್ನು ಬರೆದುಕೊಳ್ಳುವುದು. ಸಭೆ ಮುಗಿದ ಮೇಲೆ ಪ್ರತಿಯೊಬ್ಬರೂ ತಾವು ಒಪ್ಪಲೇ ಇಲ್ಲವೆಂದು ಭಾವಿಸಿರುತ್ತಾರಾದ್ದರಿಂದ ಈ ಬರವಣಿಗೆಗೆ ಬೆಲೆ ಹೆಚ್ಚು. ಇವೆಲ್ಲ ಯಾವ ಕಛೇರಿಯಲ್ಲಾದರೂ ಇರುವುವೇ. ವಿಜ್ಞಾನ ಸಲಹೆಗಾರರ ಕಛೇರಿಗೆ ವಿಶೇಷವಾದುದು ಮತ್ತೊಂದಿದೆ: ತಜ್ಞರು ನಲವತ್ತು ಪುಟಗಳಲ್ಲಿ ಹೇಳಿದುದನ್ನು ಸಚಿವರಿಗಾಗಿ ಒಂದೇ ಪುಟಕ್ಕೆ ಇಳಿಸುವ ಕೆಲಸ.

ಈ ಮಾತು ಬರಿಯ ಮಾತಾಗಿ ಉಳಿಯದಿರಲೆಂದು ಒಂದು ಊರನ್ನೂ ಒಂದು ಕಡತವನ್ನೂ ಮುಂದಿಟ್ಟುಕೊಳ್ಳೋಣ. ಊರು ನಿಜವಾದುದು, ಕಡತ ಮಾತ್ರ ಕಲ್ಪಿತ.

ಊರು ತೊರವಿ. ವಿಜಯಪುರದಿಂದ ಪಡುವಲಿಗೆ ಕೆಲವೇ ಮೈಲಿ. ಕುಮಾರ ವಾಲ್ಮೀಕಿಯ ರಾಮಾಯಣದಿಂದಲೂ ನರಸಿಂಹ ದೇವರಿಂದಲೂ ಕನ್ನಡಿಗರಿಗೆ ಚಿರಪರಿಚಿತ. ಆದಿಲ್‌ಶಾಹಿ ಅರಸರಿಗೆ ಈ ಊರಿನ ಮೇಲೆ ಕಣ್ಣಿದ್ದುದು ನೀರಿಗಾಗಿ. 16ನೆಯ ಶತಮಾನದ ಉತ್ತರಾರ್ಧದಲ್ಲಿ ಆಳಿದ ಒಂದನೆಯ ಅಲಿ ಆದಿಲ್‌ಶಾಹನ ಕಾಲದ್ದೆಂದು ಹೇಳುವ ನೆಲದಡಿಯ ಕಾಲುವೆಯೊಂದು ತೊರವಿಯ ಕಡೆಯಿಂದ ನಗರಕ್ಕೆ ನೀರು ಒಯ್ಯುತ್ತಿತ್ತು. ಜನ ಅದನ್ನು ಸುರಂಗ ಬಾವಡಿಯೆಂದು ಕರೆಯುತ್ತಾರೆ. ಕಲ್ಲನ್ನು ಕೊರೆದ ಸುರಂಗ, ನಡುನಡುವೆ ಮೇಲಿನಿಂದ ಇಳಿಬಿಟ್ಟ ಬಾವಿಗಳು, ಎತ್ತುವ ಯಂತ್ರವೊಂದೂ ಇಲ್ಲದೆ ಇಳಿಜಾರಿನ ಬಲದಿಂದಲೇ ಹರಿಯುವ ನೀರು. ಇಳಿಜಾರು ಕಡಮೆಯಾದರೆ ನೀರು ನಿಲ್ಲುತ್ತದೆ, ಹೆಚ್ಚಾದರೆ ಸುರಂಗದ ತಳವನ್ನು ಕೊಚ್ಚುತ್ತದೆ. ಅರಸನ ಹೆಸರು ನಮಗೆಲ್ಲ ಗೊತ್ತು. ಮಟ್ಟ ಹಿಡಿದವನ ಹೆಸರನ್ನು ಯಾರೂ ಹೇಳುವುದಿಲ್ಲ. ಅದೇ ಬಿಜಾಪುರದಲ್ಲಿ 1570ರಲ್ಲಿ ರಚಿತವಾದ ‘ನುಜೂಮ್-ಉಲ್-ಉಲೂಮ್’ ಎಂಬ ಸಚಿತ್ರ ಶಾಸ್ತ್ರಗ್ರಂಥ ಇಂದು ಡಬ್ಲಿನ್ ನಗರದ ಚೆಸ್ಟರ್ ಬೀಟಿ ಗ್ರಂಥಾಲಯದಲ್ಲಿದೆ. ಆ ಆಸ್ಥಾನಕ್ಕೆ ಶಾಸ್ತ್ರಗಳಲ್ಲಿ ಒಲವಿತ್ತೆಂಬುದಕ್ಕೆ ಅದೊಂದು ಸಾಕ್ಷಿ. ದಖನ್ನಿನ ಹಳೆಯ ನೀರಿನ ವ್ಯವಸ್ಥೆಗಳು 2020ರ ವಿಶ್ವ ಸ್ಮಾರಕ ನಿಧಿಯ ಪಟ್ಟಿಗೆ ಸೇರಿದಾಗ ಈ ಸುರಂಗದ ಹೆಸರು ಮತ್ತೆ ಪತ್ರಿಕೆಗಳಲ್ಲಿ ಕಾಣಿಸಿತು.

ಈಗ ಕಡತ. ಹಳೆಯ ಸುರಂಗದ ಹೂಳನ್ನು ತೆಗೆದರೆ ಅದು ಮತ್ತೆ ನೀರು ಕೊಟ್ಟೀತೆ ಎಂದು ಸಚಿವರ ಕಛೇರಿಯಿಂದ ಪ್ರಶ್ನೆ ಬಂದಿತೆಂದು ಇಟ್ಟುಕೊಳ್ಳೋಣ. ಸಲಹೆಗಾರರು ಭೂಗರ್ಭಶಾಸ್ತ್ರಜ್ಞರನ್ನು ಕೇಳುತ್ತಾರೆ. ಉತ್ತರ ಬರುತ್ತದೆ: ಇದು ಕಪ್ಪುಶಿಲೆಯ ನೆಲ, ವರ್ಷದ ಮಳೆ 600 ಮಿಲಿಮೀಟರಿನ ಸುಮಾರು, ನೀರು ನಿಲ್ಲುವುದು ಶಿಲೆಯ ಬಿರುಕುಗಳಲ್ಲಿಯೂ ಸವೆದ ಪದರಗಳಲ್ಲಿಯೂ, ಸುತ್ತಲಿನ ಕೊಳವೆಬಾವಿಗಳು ಆಳದಿಂದ ನೀರೆತ್ತುತ್ತಿರುವಲ್ಲಿ ಮೇಲಿನ ಸುರಂಗಕ್ಕೆ ಒರತೆ ಉಳಿದಿದೆಯೋ ಇಲ್ಲವೋ ಎಂಬುದು ಅಳತೆಯಿಂದ ಮಾತ್ರ ತಿಳಿಯಬೇಕು, ಒಳ್ಳೆಯ ಮಳೆಯ ವರ್ಷದಲ್ಲಿ ಕೊಂಚ ನೀರು ಸಿಕ್ಕೀತು, ಆದರೆ ಒಂದು ಪೂರ್ಣ ಬೇಸಗೆ ಬಾವಿಗಳ ಮಟ್ಟವನ್ನು ಅಳೆಯದೆ ಏನನ್ನೂ ಖಚಿತವಾಗಿ ಹೇಳಲಾಗದು. ಇದರ ಜತೆಗೆ ನಕ್ಷೆಗಳು, ಕೋಷ್ಟಕಗಳು.

ಆಪ್ತ ಕಾರ್ಯದರ್ಶಿ ತೊರವಿಯಲ್ಲಿಯೇ ಓದಿದ ಹೆಣ್ಣುಮಗಳೆಂದು ಭಾವಿಸೋಣ. ಅಸಂಭವವೇನಲ್ಲ. 2003ರಲ್ಲಿ ಸ್ಥಾಪಿತವಾಗಿ, 2017ರಿಂದ ಅಕ್ಕಮಹಾದೇವಿಯ ಹೆಸರನ್ನು ಹೊತ್ತಿರುವ ರಾಜ್ಯ ಮಹಿಳಾ ವಿಶ್ವವಿದ್ಯಾಲಯವಿರುವುದು ಆ ಊರಿನಲ್ಲಿಯೇ. ವಿಜ್ಞಾನ ಓದಿದವರಿಗೆ ಪ್ರಯೋಗಶಾಲೆ, ಪಾಠಶಾಲೆಗಳಲ್ಲದೆ ಇಂಥದೊಂದು ದಾರಿಯೂ ಇದೆಯೆಂಬುದು ಅಲ್ಲಿಯ ವಿದ್ಯಾರ್ಥಿನಿಯರ ಕಿವಿಗೆ ಬಿದ್ದಿರುವುದು ಕಡಮೆ. ಇರಲಿ. ಸಂಜೆ ಐದು ಗಂಟೆ. ಸಚಿವರ ಕಛೇರಿಯಿಂದ ಟೆಲಿಫೋನು: ‘ಒಂದೇ ಸಾಲಿನಲ್ಲಿ ಹೇಳಿ, ಆಗುತ್ತದೆಯೋ ಇಲ್ಲವೋ?’ ಸಲಹೆಗಾರರು ವಿಮಾನದಲ್ಲಿದ್ದಾರೆ. ಆಕೆ ‘ಆಗುತ್ತದೆ’ ಎಂದು ಬರೆದರೆ ಸಾಲು ಚಿಕ್ಕದಾಗುತ್ತದೆ, ಕೇಳಿದವರಿಗೆ ಸಂತೋಷವಾಗುತ್ತದೆ. ನಾಳೆಯ ಭಾಷಣದಲ್ಲಿ ಅದು ಆಶ್ವಾಸನೆಯಾಗುತ್ತದೆ, ನಾಡಿದ್ದು ಗುತ್ತಿಗೆಯಾಗುತ್ತದೆ. ‘ಆಗದು’ ಎಂದು ಬರೆದರೆ ತಜ್ಞರು ಹೇಳದ ಮಾತನ್ನು ಅವರ ಬಾಯಲ್ಲಿ ಇಟ್ಟಂತೆ. ಅವರು ನಿಜವಾಗಿ ಹೇಳಿದುದು, ‘ಒಂದು ಬೇಸಗೆಯ ಅಳತೆಯಾಗಲಿ, ಆಮೇಲೆ ಹೇಳುತ್ತೇವೆ’ ಎಂದು. ಇದು ಕೇಳುವವರಿಗೆ ರುಚಿಸುವ ವಾಕ್ಯವಲ್ಲ. ಆದರೂ ಪುಟ ಎಷ್ಟು ಕಿರಿದಾದರೂ ಈ ವಾಕ್ಯ ಅದರಲ್ಲಿ ಉಳಿಯಬೇಕು. ಅದೂ ಕೊನೆಯ ಸಾಲಿನಲ್ಲಿ ಅವಿತುಕೊಂಡಲ್ಲ, ಮೊದಲನೆಯ ಸಾಲಿನ ಮಗ್ಗುಲಲ್ಲಿ. ವಿಜ್ಞಾನಿಯ ಮಾತಿನಲ್ಲಿ ಫಲಿತಾಂಶದ ಜತೆಗೆ ಅದರ ಎಲ್ಲೆಯೂ ಇರುತ್ತದೆ. ಸಂಕ್ಷೇಪ ಮಾಡುವವರ ಕೈಯಲ್ಲಿ ಮೊದಲು ಉದುರಿಹೋಗುವುದು ಈ ಎಲ್ಲೆಯೇ. ಹೇಳಿದುದನ್ನು ಹೇಳಿದಂತೆ ಹಿಡಿಯುವ ಶೀಘ್ರಲಿಪಿಯ ಶಿಸ್ತನ್ನು ನಾನು ಮೊದಲಿಗೆ ಇಟ್ಟದ್ದು ಇದಕ್ಕಾಗಿಯೇ.

ಇದರಲ್ಲಿ ಎಂಥ ಪ್ರಾಣಸಂಕಟ ಅಡಗಿರಬಹುದೆಂಬುದಕ್ಕೆ ಎರಡನೆಯ ಮಹಾಯುದ್ಧದ ಚರಿತ್ರೆಯಲ್ಲಿ ಒಂದು ಪ್ರಸಂಗವಿದೆ. ಬ್ರಿಟನ್ನಿನ ಪ್ರಧಾನಿ ಚರ್ಚಿಲ್ಲರಿಗೆ ವಿಜ್ಞಾನ ಸಲಹೆಗಾರರಾಗಿದ್ದವರು ಆಕ್ಸ್‌ಫರ್ಡಿನ ಭೌತವಿಜ್ಞಾನಿ ಲಿಂಡೆಮನ್, ಎಂದರೆ ಲಾರ್ಡ್ ಚೆರ್ವೆಲ್. ಅವರ ಬಳಿ ಡೇವಿಡ್ ಬೆನ್ಸುಸಾನ್-ಬಟ್ ಎಂಬ ತರುಣ ಆಪ್ತ ಕಾರ್ಯದರ್ಶಿಯಾಗಿದ್ದನು. ಆತ ಕೇಂಬ್ರಿಜಿನಲ್ಲಿ ಅರ್ಥಶಾಸ್ತ್ರ ಓದಿದವನು. 1936ರಲ್ಲಿ ಹೊರಬಂದ ಕೇನ್ಸರ ಸುಪ್ರಸಿದ್ಧ ಗ್ರಂಥಕ್ಕೆ ಪದಸೂಚಿ ಸಿದ್ಧಮಾಡಿಕೊಟ್ಟವನು. ಪದಸೂಚಿ ಮಾಡುವವನ ತಾಳ್ಮೆಯನ್ನು ಬಲ್ಲವರಿಗೆ ಮುಂದಿನ ಕಥೆ ಆಶ್ಚರ್ಯವೆನಿಸದು.

ರಾತ್ರಿಯ ಹೊತ್ತು ಜರ್ಮನಿಯ ಮೇಲೆ ಹಾರಿ ಬರುತ್ತಿದ್ದ ವಿಮಾನಗಳವರು ಗುರಿಗೆ ಬಾಂಬು ಹಾಕಿದೆವೆಂದು ವರದಿ ಕೊಡುತ್ತಿದ್ದರು. ವಾಯುಪಡೆ ಅದನ್ನು ನಂಬುತ್ತಿತ್ತು, ಜನರೂ ನಂಬುತ್ತಿದ್ದರು. ಚೆರ್ವೆಲ್ಲರಿಗೆ ಸಂದೇಹ. 1941ರ ಜೂನ್ ಮತ್ತು ಜುಲೈ ತಿಂಗಳುಗಳಲ್ಲಿ ವಿಮಾನಗಳಿಂದಲೇ ತೆಗೆದ 600ಕ್ಕೂ ಹೆಚ್ಚು ಛಾಯಾಚಿತ್ರಗಳನ್ನು ಬಟ್ಟನ ಮುಂದೆ ಇಡಿಸಿದರು. ಆತ ಒಂದೊಂದನ್ನೂ ಭೂಪಟಕ್ಕೂ ವರದಿಗೂ ಹೋಲಿಸಿ, ಆಗಸ್ಟ್ 18ರಂದು ತನ್ನ ಟಿಪ್ಪಣಿಯನ್ನು ಒಪ್ಪಿಸಿದನು. ಗುರಿಗೆ ಬಾಂಬು ಹಾಕಿದೆವೆಂದ ವಿಮಾನಗಳಲ್ಲಿ ಮೂರಕ್ಕೆ ಒಂದು ಮಾತ್ರ ಗುರಿಯ 5 ಮೈಲಿಯೊಳಗೆ ಬಂದಿತ್ತು. ಫ್ರಾನ್ಸಿನ ಬಂದರುಗಳಲ್ಲಿ ಮೂರಕ್ಕೆ ಎರಡು, ಜರ್ಮನಿಯಲ್ಲಿ ನಾಲ್ಕಕ್ಕೆ ಒಂದು, ಕಾರ್ಖಾನೆಗಳ ಹೊಗೆ ಕವಿದ ರೂರ್ ಪ್ರಾಂತದಲ್ಲಿ ಹತ್ತಕ್ಕೆ ಒಂದು. ಹುಣ್ಣಿಮೆಯಲ್ಲಿ ಐದಕ್ಕೆ ಎರಡು. ಅಮಾವಾಸ್ಯೆಯಲ್ಲಿ ಹದಿನೈದಕ್ಕೆ ಒಂದು! ಐದು ಮೈಲಿ ತ್ರಿಜ್ಯದ ವೃತ್ತವೆಂದರೆ 75 ಚದರ ಮೈಲಿಗೂ ಮೀರಿದ ನೆಲ. ತೊರವಿಗೆ ಗುರಿಯಿಟ್ಟವರು ವಿಜಯಪುರದ ಮೇಲೆ ಹಾಕಿದರೂ ಸರಿಹೋಗುವಂಥ ಲೆಕ್ಕ.

ಆ ಟಿಪ್ಪಣಿಯ ಗುಣವನ್ನು ನೋಡಬೇಕು. ಈ ಸಂಖ್ಯೆಗಳು ಗುರಿಯನ್ನು ಮುಟ್ಟಿದೆವೆಂದು ಹೇಳಿಕೊಂಡ ವಿಮಾನಗಳಿಗೆ ಮಾತ್ರ ಸಲ್ಲತಕ್ಕವು, ಹೊರಟ ಎಲ್ಲ ವಿಮಾನಗಳಿಗೂ ಅಲ್ಲ ಎಂಬುದನ್ನು ಬಟ್ ಅಲ್ಲಿಯೇ ಬರೆದಿಟ್ಟನು. ವಾಯುಪಡೆಯವರು ಲೆಕ್ಕವನ್ನು ಪ್ರಶ್ನಿಸಿದರು. ಆದರೆ ಚರ್ಚಿಲ್ಲರು ಅದನ್ನು ಬಹು ತುರ್ತಿನ ವಿಷಯವೆಂದೇ ಎಣಿಸಿ ವಾಯುಪಡೆಯ ಮುಖ್ಯಸ್ಥರಿಗೆ ಕಳುಹಿಸಿದರು. ರೇಡಿಯೋ ಅಲೆಗಳಿಂದ ದಾರಿ ತೋರಿಸುವ ಉಪಕರಣಗಳಿಗೆ ಒತ್ತು ಬಂದುದು ಇದರ ಬಳಿಕ.

ಅದೇ ಕಛೇರಿಯಿಂದ 1942ರ ಮಾರ್ಚ್ 30ರಂದು ಹೊರಟ ಮತ್ತೊಂದು ಚಿಕ್ಕ ಟಿಪ್ಪಣಿ ಬೇರೆಯ ಬಗೆಯದು. ಅದು ಚೆರ್ವೆಲ್ಲರದೇ. ಜರ್ಮನಿಯ 58 ದೊಡ್ಡ ಪಟ್ಟಣಗಳ ಮನೆಗಳನ್ನು ಕೆಡವಿ, ಆ ದೇಶದ ಜನಸಂಖ್ಯೆಯ ಮೂರರಲ್ಲೊಂದು ಪಾಲನ್ನು ನಿರಾಶ್ರಿತರನ್ನಾಗಿಸಬಹುದೆಂದು ಅದು ಅಂದಾಜು ಕೊಟ್ಟಿತು. ಅಂದಾಜು ಐದು ಪಾಲು ಹೆಚ್ಚೆಂದು ಟಿಜಾರ್ಡರೂ, ಆರು ಪಾಲು ಹೆಚ್ಚೆಂದು ಬ್ಲ್ಯಾಕೆಟ್ಟರೂ ಹೇಳಿದರು. ಅವರ ಮಾತು ನಡೆಯಲಿಲ್ಲ. ನಾಗರಿಕರ ಮನೆಗಳನ್ನೇ ಗುರಿ ಮಾಡುವುದು ಧರ್ಮವೆ ಎಂಬ ಪ್ರಶ್ನೆ ಹಾಗಿರಲಿ. ಲೆಕ್ಕವೇ ನೆಟ್ಟಗಿರಲಿಲ್ಲವೆಂದು ಯುದ್ಧಾನಂತರದ ಪರಿಶೀಲನೆಗಳು ತೋರಿಸಿದುವು. ಏಳು ತಿಂಗಳ ಹಿಂದೆ ಕಾರ್ಯದರ್ಶಿ ಕಾಪಾಡಿದ್ದ ಎಲ್ಲೆಗೆರೆ, ಯಜಮಾನರ ಕೈಯಲ್ಲಿ ಅಳಿಸಿಹೋಗಿತ್ತು.

ಇದೇ ಬ್ಲ್ಯಾಕೆಟ್ಟರು ಸ್ವಾತಂತ್ರ್ಯ ಬಂದ ಹೊಸತರಲ್ಲಿ ನೆಹರೂ ಅವರ ಕೋರಿಕೆಯಂತೆ ನಮ್ಮ ರಕ್ಷಣಾ ಇಲಾಖೆಗೆ ವಿಜ್ಞಾನದ ವಿಷಯದಲ್ಲಿ ಸಲಹೆಯಿತ್ತು, 1948ರಲ್ಲಿ ವರದಿ ಸಲ್ಲಿಸಿದರು. ಆ ವರ್ಷವೇ ಡಿ. ಎಸ್. ಕೊಠಾರಿಯವರು ರಕ್ಷಣಾ ಇಲಾಖೆಯ ಮೊದಲ ವಿಜ್ಞಾನ ಸಲಹೆಗಾರರಾದರು. ಮುಂದೆ ಆ ಸ್ಥಾನಕ್ಕೆ ಬೆಂಗಳೂರಿನ ವಿಜ್ಞಾನ ಮಂದಿರದ ನಿರ್ದೇಶಕರಾಗಿದ್ದ ಭಗವಂತಂ ಅವರೂ, 1978ರಲ್ಲಿ ತುಮಕೂರಿನಲ್ಲಿ ಹುಟ್ಟಿದ ರಾಜಾ ರಾಮಣ್ಣನವರೂ ಬಂದರು. 1999ರಲ್ಲಿ ಸರ್ಕಾರಕ್ಕೆಲ್ಲ ಒಬ್ಬರಾದ ಪ್ರಧಾನ ವೈಜ್ಞಾನಿಕ ಸಲಹೆಗಾರರ ಹುದ್ದೆ ಏರ್ಪಟ್ಟು, ಅಬ್ದುಲ್ ಕಲಾಂ ಅವರು ಮೊದಲಿಗರಾದರು. 2018ರಲ್ಲಿ ವಿಜಯರಾಘವನ್ನರೂ 2022ರ ಏಪ್ರಿಲ್‌ನಲ್ಲಿ ಅಜಯ್ ಕುಮಾರ್ ಸೂದರೂ ಆ ಹುದ್ದೆಗೆ ಬಂದರು; ಇಬ್ಬರೂ ಬೆಂಗಳೂರಿನ ಪ್ರಯೋಗಶಾಲೆಗಳಲ್ಲಿ ದುಡಿದವರು.

ಪ್ರಯೋಗಶಾಲೆಯಿಂದ ಬಂದವರಿಗೆ ಸಚಿವಾಲಯದ ರೀತಿನೀತಿ ಒಂದು ಹೊಸ ದೇಶವಿದ್ದಂತೆ. ಯಾವ ಪ್ರಶ್ನೆಗೆ ಯಾವ ಇಲಾಖೆ ಉತ್ತರ ಕೊಡಬೇಕು, ‘ಪರಿಶೀಲಿಸಿ’ ಎಂದರೆ ಬೇಗ ಮಾಡಿರೆಂದೋ ಬದಿಗಿಡಿರೆಂದೋ, ಇವನ್ನೆಲ್ಲ ತಿಳಿಸಿಕೊಡುವವರು ಆಪ್ತ ಕಾರ್ಯದರ್ಶಿಯೇ. ಸಲಹೆಗಾರರು ಬರುತ್ತಾರೆ, ಹೋಗುತ್ತಾರೆ; ಹಿಂದೆ ಏನು ಹೇಳಲಾಗಿತ್ತೆಂಬ ನೆನಪು ಉಳಿಯುವುದು ಕಡತದಲ್ಲಿಯೂ, ಅದನ್ನು ಕಟ್ಟಿಟ್ಟವರ ತಲೆಯಲ್ಲಿಯೂ. 1923ರ ಅಧಿಕೃತ ರಹಸ್ಯಗಳ ಕಾಯಿದೆ ಅವರ ಬಾಯಿಗೆ ಬೀಗ ಹಾಕಿದೆ; ಮನೆಯವರೊಡನೆಯೂ ಆಡಲಾಗದ ಮಾತುಗಳು ಬಹಳ. ಅದರ ಪಕ್ಕದಲ್ಲಿಯೇ 2005ರ ಮಾಹಿತಿ ಹಕ್ಕಿನ ಕಾಯಿದೆ ಬಂದು ನಿಂತಿದೆ. ರಾಜ್ಯದ ರಕ್ಷಣೆಗೆ ಸಂಬಂಧಿಸಿದುವೇ ಮೊದಲಾದ ಕೆಲವನ್ನು ಬಿಟ್ಟರೆ, ಕಡತದ ಟಿಪ್ಪಣಿಗಳನ್ನು ಪ್ರಜೆ ಕೇಳಿ ಪಡೆಯಬಹುದು. ಬಾವಿಯಲ್ಲಿ ನೀರು ಇಳಿದ ತೊರವಿಯ ರೈತನೊಬ್ಬ ಎಂದೋ ಒಂದು ದಿನ ಹತ್ತು ರೂಪಾಯಿ ಶುಲ್ಕ ಕಟ್ಟಿ, ಸುರಂಗದ ವಿಷಯದಲ್ಲಿ ಸಚಿವರಿಗೆ ಏನು ಬರೆದಿರೆಂದು ಕೇಳಿದರೆ, ಆ ಒಂದು ಪುಟದ ಪ್ರತಿಯನ್ನು ಅವನಿಗೆ ಕೊಡಬೇಕಾಗುತ್ತದೆ. ಒಂದು ಬೇಸಗೆಯ ಅಳತೆಯಾಗಲಿ ಎಂಬ ಮಾತು ಅದರಲ್ಲಿದೆಯೋ ಇಲ್ಲವೋ ಎಂಬುದನ್ನು ಅವನೇ ಓದಿ ತಿಳಿದುಕೊಳ್ಳುತ್ತಾನೆ.