ಗಾಂಜಾಕ್ಕೆ ಮಿದುಳಿನಲ್ಲಿ ಜಾಗ ಏಕೆ?

ಪ್ರಶ್ನೆ: ಗಾಂಜಾ ಹೊರಗಿನ ಗಿಡ. ಅದಕ್ಕೆ ಸ್ಪಂದಿಸುವ ಗ್ರಾಹಕಗಳು ನಮ್ಮ ಮಿದುಳಿನಲ್ಲಿ ಮೊದಲೇ ಇರುವುದೇಕೆ?
– ಓದುಗರು, ತಿಕೋಟಾ, ವಿಜಯಪುರ ಜಿಲ್ಲೆ

ಉತ್ತರ: ಅವು ಗಾಂಜಾಕ್ಕಾಗಿ ಇರುವುದೇ ಅಲ್ಲ. 1988ರಲ್ಲಿ ಅಮೆರಿಕದ ಸೇಂಟ್ ಲೂಯಿಸ್ ವಿಶ್ವವಿದ್ಯಾಲಯದ ಔಷಧಶಾಸ್ತ್ರ ಪ್ರಾಧ್ಯಾಪಕಿ ಆಲಿನ್ ಹೌಲೆಟ್ ಮತ್ತು ಅವರ ವಿದ್ಯಾರ್ಥಿ ವಿಲಿಯಂ ಡಿವೇನ್ ಇಲಿಯ ಮಿದುಳಿನಲ್ಲಿ ಈ ಗ್ರಾಹಕವನ್ನು ಪತ್ತೆ ಮಾಡಿದರು. ಈಗ ಅದರ ಹೆಸರು ಸಿಬಿ1. ಗ್ರಾಹಕ ಇದ್ದ ಮೇಲೆ ಅದಕ್ಕೆ ಹೊಂದುವ, ದೇಹದ್ದೇ ಆದ ರಾಸಾಯನಿಕ ಇರಬೇಕಲ್ಲ? ಡಿವೇನ್ ಜೆರುಸಲೇಮಿಗೆ ಹೋಗಿ ರಾಫೆಲ್ ಮೆಖೌಲಂ ಅವರ ಪ್ರಯೋಗಾಲಯ ಸೇರಿದರು. 1992ರಲ್ಲಿ ಆ ತಂಡ ಹಂದಿಯ ಮಿದುಳಿನಿಂದ ಅಂಥದ್ದೊಂದನ್ನು ಬೇರ್ಪಡಿಸಿ ಆನಂದಮೈಡ್ ಎಂದು ಕರೆಯಿತು.

ಇವುಗಳ ಕೆಲಸವೇನು? ಬಬಲೇಶ್ವರದ ಕಡೆ ಹೊಲಕ್ಕೆ ನೀರು ಹಾಯಿಸುವಾಗ ಮಡಿ ತುಂಬಿತೆಂದರೆ ಕೊನೆಯಲ್ಲಿದ್ದವರು ಮೇಲಿನವರಿಗೆ 'ಸಾಕ್ರೀ' ಎಂದು ಕೂಗುತ್ತಾರೆ. ಹಾಗೆಯೇ ಸಂದೇಶ ಪಡೆದ ನರಕೋಶ ಇಂಥ ರಾಸಾಯನಿಕವನ್ನು ಹಿಮ್ಮುಖವಾಗಿ ಕಳಿಸುತ್ತದೆ. ಸಂದೇಶ ಕೊಟ್ಟ ಕೋಶದ ಮೇಲಿರುವ ಸಿಬಿ1 ಅದನ್ನು ಹಿಡಿದು ಹರಿವು ತಗ್ಗಿಸುತ್ತದೆ. ಈ ಹಿಮ್ಮುಖ ಸಂಚಾರ ಖಚಿತವಾದದ್ದು 2001ರಲ್ಲಷ್ಟೇ. ಗಾಂಜಾದ ಟಿಎಚ್‌ಸಿ ಎಂಬ ರಾಸಾಯನಿಕ ಬೇಡದ ಕಡೆಯಲ್ಲೆಲ್ಲ ಅದೇ ಕೂಗು ಹಾಕುತ್ತದೆ: ನೆನಪು ಜಾರುತ್ತದೆ, ಹೊತ್ತಿನ ಅಂದಾಜು ತಪ್ಪುತ್ತದೆ, ಹಸಿವು ಕೆರಳುತ್ತದೆ.

ಹಾಗಾದರೆ ಸಿಬಿ1ನ ಬಾಯಿ ಕಟ್ಟಿದರೆ ಬೊಜ್ಜು ಕರಗೀತೇ? ಔಷಧ ಕಂಪನಿಗಳಿಗೂ ಹೀಗೇ ಅನಿಸಿತ್ತು. 2006ರಲ್ಲಿ ಯುರೋಪಿನಲ್ಲಿ ರಿಮೊನಬಾಂಟ್ ಮಾತ್ರೆ ಬಂತು. ತೂಕವೇನೋ ಇಳಿಯಿತು. ಆದರೆ ಕೆಲವರನ್ನು ಖಿನ್ನತೆ, ಆತ್ಮಹತ್ಯೆಯ ಯೋಚನೆಗಳು ಕಾಡಿದವು. 2008ರಲ್ಲಿ ಅಲ್ಲಿ ಅದರ ಮಾರಾಟ ನಿಂತಿತು.