ತಿರುವಿಗೆ ಮೊದಲೇ ಮೈವಾಲಿಸುವ ರೈಲು

ನಗೋಯಾ ನಿಲ್ದಾಣದ ಪ್ಲಾಟ್‌ಫಾರಂ ತುಂಬ ಮೀನಿನ ಸಾರಿನ ಘಮ. ಕಿಶಿಮೆನ್ ಎಂಬ ಚಪ್ಪಟೆ ನೂಡಲ್ಸನ್ನು ನಿಂತೇ ಸುರಿದುಕೊಂಡು, ಬಟ್ಟಲು ಇಟ್ಟು ಓಡುವವರಿಗಾಗಿ ಹಳಿಯ ಮಗ್ಗುಲಲ್ಲೇ ಪುಟ್ಟ ಅಂಗಡಿಗಳಿವೆ. ಆ ಹಬೆಯ ಆಚೆ ‘ಶಿನಾನೊ’ ಎಕ್ಸ್‌ಪ್ರೆಸ್ ನಿಂತಿದೆ. ಸ್ಟೀಲಿನ ಮೈ, ಅದಕ್ಕೊಂದು ಕಿತ್ತಳೆ ಪಟ್ಟಿ, ಮುಂದಿನ ಬೋಗಿಗೆ ಹಳಿಯನ್ನೇ ನೋಡುತ್ತಾ ಕೂರಬಹುದಾದ ದೊಡ್ಡ ಗಾಜು. ಇಲ್ಲಿಂದ ನಗಾನೊಗೆ ಸುಮಾರು 250 ಕಿ.ಮೀ. ದಾರಿ. ಅದರಲ್ಲಿ ಬಹುಪಾಲು ಬೆಟ್ಟ, ಹೊಳೆ, ತಿರುವು.

ಹತ್ತುವ ಮೊದಲು ಒಮ್ಮೆ ಬಗ್ಗಿ ಹಳಿ ನೋಡಬೇಕು. ಎರಡು ಹಳಿಗಳ ನಡುವೆ 1067 ಮಿ.ಮೀ. ಅಂತರ, ಅಷ್ಟೇ. ಹಿಂದೆ ಬೆಂಗಳೂರು–ಮೈಸೂರು ನಡುವೆ ಓಡಾಡುತ್ತಿದ್ದ ನಮ್ಮ ಮೀಟರ್ ಗೇಜಿಗಿಂತ ನಾಲ್ಕು ಬೆರಳು ಅಗಲ. ಇಂದಿನ ನಮ್ಮ ಬ್ರಾಡ್ ಗೇಜ್ 1676 ಮಿ.ಮೀ. 1872ರಲ್ಲಿ ಟೋಕಿಯೊದ ಶಿಂಬಾಶಿಯಿಂದ ಯೊಕೊಹಾಮಾಕ್ಕೆ ಜಪಾನಿನ ಮೊದಲ ರೈಲು ಹೊರಟಾಗ ಆರಿಸಿಕೊಂಡ ಅಳತೆ ಇದು. ಮುಂದೆ 1964ರಲ್ಲಿ ಶಿಂಕಾನ್‌ಸೆನ್‌ಗಾಗಿ ಅಗಲ ಹಳಿಯ ಹೊಸ ದಾರಿಯನ್ನೇ ಹಾಕಿದರು. ಬೆಟ್ಟದ ಊರುಗಳ ಪಾಲಿಗೆ ಹಳೆಯ ಕಿರಿದಾದ ಹಳಿಯೇ ಉಳಿಯಿತು. ಬೆಟ್ಟ ಕಡಿಯದೆ, ಹಳಿ ಅಗಲಿಸದೆ ಈ ಊರುಗಳಿಗೂ ವೇಗ ಕೊಡುವುದು ಹೇಗೆ? ಅದಕ್ಕೆ ಸಿಕ್ಕ ಉತ್ತರ ಈ ರೈಲು.

ತಾಜಿಮಿ ದಾಟಿ ನಕತ್ಸುಗಾವಾ ಬರುವವರೆಗೂ ಊರು, ಗದ್ದೆ, ಕಾರ್ಖಾನೆ. ಅಲ್ಲಿಂದ ಮುಂದೆ ಬೆಟ್ಟಗಳು ಎರಡೂ ಕಡೆಯಿಂದ ಒತ್ತಿಕೊಂಡು ಬರುತ್ತವೆ. ಎಡಗಡೆ ಕಿಸೊ ಹೊಳೆ. ಮುಂದಿನ ಗಾಜಿನಲ್ಲಿ ಹಳಿ ಎಡಕ್ಕೆ ಬಳುಕುವುದು ಕಾಣಿಸುತ್ತದೆ. ರೈಲು ಇನ್ನೂ ತಿರುವಿಗೆ ಮುಟ್ಟಿಲ್ಲ, ಆಗಲೇ ಬೋಗಿ ಮೆಲ್ಲಗೆ ಎಡಕ್ಕೆ ವಾಲತೊಡಗುತ್ತದೆ. ಎಡಗಿಟಕಿಯ ತುಂಬ ಹೊಳೆಯ ಕಲ್ಲುಗಳು, ಬಲಗಿಟಕಿಯ ತುಂಬ ಆಕಾಶ. ಎದುರಿನ ಹಲಗೆಯ ಮೇಲಿಟ್ಟ ಹಸಿರು ಚಹಾದ ಬಾಟಲಿಯನ್ನು ನೋಡುತ್ತೇನೆ. ಹೊರಗಿನ ಮನೆಗಳ ಮಾಡುಗಳೆಲ್ಲ ಓರೆಯಾಗಿವೆ, ಬಾಟಲಿಯೊಳಗಿನ ಚಹಾ ಮಾತ್ರ ಹಲಗೆಗೆ ಹೆಚ್ಚುಕಡಿಮೆ ಸಮನಾಗಿಯೇ ನಿಂತಿದೆ. ಪಕ್ಕದ ಸಾಲಿನಲ್ಲಿ ಮಡಿಲ ಮೇಲೆ ಬಟ್ಟೆಗಂಟು ಇಟ್ಟುಕೊಂಡ ಅಜ್ಜಿಯೊಬ್ಬರು ಕಣ್ಣು ಮುಚ್ಚಿದ್ದಾರೆ. ಅವರ ತಲೆ ಅತ್ತಿತ್ತ ಹೊರಳಲಿಲ್ಲ.

ಘಾಟಿಯಲ್ಲಿ ಬಸ್ಸು ತಿರುಗುವಾಗ ಪಕ್ಕದವರ ಮೇಲೆ ಹೋಗಿ ಬೀಳುತ್ತೇವಲ್ಲ, ಆ ಹೊರದೂಡುವ ಬಲ ರೈಲಿಗೂ ತಪ್ಪಿದ್ದಲ್ಲ. ಅದನ್ನು ತಗ್ಗಿಸಲು ತಿರುವಿನಲ್ಲಿ ಹೊರಗಿನ ಹಳಿಯನ್ನು ಎತ್ತರಿಸಿರುತ್ತಾರೆ. ಈ ಗೇಜಿನಲ್ಲಿ ಹೆಚ್ಚೆಂದರೆ 105 ಮಿ.ಮೀ. ಎತ್ತರಿಸಬಹುದು. ಅದಕ್ಕೂ ಮೀರಿದರೆ ನಿಧಾನವಾಗಿ ಸಾಗುವ ಗೂಡ್ಸ್ ಗಾಡಿಗೆ, ಅಲ್ಲೇ ನಿಂತುಬಿಟ್ಟ ರೈಲಿಗೆ ತೊಂದರೆ. ಹಳಿ ವಾಲಿದ್ದು ಸಾಲದಿದ್ದರೆ ಉಳಿದಷ್ಟು ಬೋಗಿಯೇ ವಾಲಬೇಕು, ಐದು ಡಿಗ್ರಿಯಷ್ಟು.

1973ರ ಜುಲೈನಲ್ಲಿ ಇದೇ ಶಿನಾನೊ ಸೇವೆಗೆ ಬಂದ 381 ಸರಣಿಯ ಬೋಗಿಗಳು ತೊಟ್ಟಿಲಿನ ತತ್ತ್ವದ ಮೇಲೆ ನಡೆಯುತ್ತಿದ್ದವು. ತೊಟ್ಟಿಲು ತೂಗುವ ಬಿಂದು ಮಗುವಿಗಿಂತ ಮೇಲಿರುತ್ತದೆ. ಹಾಗೆಯೇ ಬೋಗಿ ತಿರುಗುವ ಕೇಂದ್ರವನ್ನು ಅದರ ಭಾರದ ಕೇಂದ್ರಕ್ಕಿಂತ ಮೇಲಿರಿಸಿ, ಇಡೀ ಬೋಗಿಯನ್ನು ಉರುಳೆಗಳ ಮೇಲೆ ಕೂರಿಸಿದರು. ತಿರುವಿನಲ್ಲಿ ಬುಡ ಹೊರಕ್ಕೆ ಸರಿದರೆ ತಲೆ ತಾನಾಗಿ ಒಳಕ್ಕೆ ವಾಲುತ್ತಿತ್ತು. ಮೋಟಾರು ಬೇಡ, ಯಾರ ಅಪ್ಪಣೆಯೂ ಬೇಡ. ಭಾರ ಕೆಳಗಿರಲೆಂದು ಅಲ್ಯೂಮಿನಿಯಂ ಮೈ ಮಾಡಿ, ಎ.ಸಿ. ಯಂತ್ರವನ್ನು ಮಾಡಿನಿಂದ ಇಳಿಸಿ ನೆಲದಡಿಗೆ ಹಾಕಿದರು.

ತೊಟ್ಟಿಲಿಗೆ ಒಂದೇ ಕೊರತೆ. ದೂಡಿದ ಮೇಲಷ್ಟೇ ಅದು ಅಲುಗುತ್ತದೆ. ತಿರುವು ಶುರುವಾದರೂ ಉರುಳೆಯ ಬಿಗುವಿಗೆ ಬೋಗಿ ಅರೆಕ್ಷಣ ತಡೆದು ನಿಲ್ಲುತ್ತಿತ್ತು, ಆಮೇಲೆ ಒಮ್ಮೆಗೇ ವಾಲುತ್ತಿತ್ತು. ತಿರುವು ಮುಗಿದಾಗಲೂ ಅದೇ ಕಥೆ. ಎಡಕ್ಕೊಂದು, ಬಲಕ್ಕೊಂದು, ಮತ್ತೆ ಎಡಕ್ಕೊಂದು ಎಂದು ತಿರುವುಗಳ ಸಾಲೇ ಇರುವ ಕಿಸೊ ಕಣಿವೆಯಲ್ಲಿ ಹೊಟ್ಟೆ ತೊಳಸಿ ಬಂದವರು ಎಷ್ಟೋ ಮಂದಿ.

ಘಾಟಿಯಲ್ಲಿ ಪಳಗಿದ ಡ್ರೈವರ್ ತಿರುವು ಕಂಡ ಮೇಲೆ ಸ್ಟೇರಿಂಗ್ ಎಳೆಯುವುದಿಲ್ಲ. ದಾರಿ ಅವನ ಕೈಗೇ ಗೊತ್ತಿರುತ್ತದೆ. ಎಂಜಿನಿಯರುಗಳು ರೈಲಿಗೂ ಆ ನೆನಪನ್ನು ಕೊಟ್ಟರು. ದಾರಿಯ ತಿರುವುಗಳನ್ನೆಲ್ಲ, ಎಲ್ಲಿ ಶುರು, ಎಷ್ಟು ಬಾಗು, ಹೊರಹಳಿ ಎಷ್ಟು ಎತ್ತರ ಎಂದು, ಕಂಪ್ಯೂಟರಿಗೆ ತುಂಬಿದರು. ಹಳಿಯ ನಡುವೆ ಅಳವಡಿಸಿದ ಸಿಗ್ನಲ್ ಸಾಧನಗಳ ಮೇಲೆ ಹಾದುಹೋಗುವಾಗ ರೈಲು ತಾನೆಲ್ಲಿದ್ದೇನೆಂದು ತಾಳೆ ನೋಡಿಕೊಳ್ಳುತ್ತದೆ. ತಿರುವಿಗೆ ತುಸು ಮೊದಲೇ ಒತ್ತಿದ ಗಾಳಿಯ ಸಿಲಿಂಡರು ಬೋಗಿಯನ್ನು ನಿಧಾನವಾಗಿ ವಾಲಿಸತೊಡಗುತ್ತದೆ. 1989ರಲ್ಲಿ ಶಿಕೊಕು ದ್ವೀಪದ ಡೀಸೆಲ್ ರೈಲು ಈ ವಿದ್ಯೆಯನ್ನು ಮೊದಲು ಪ್ರಯಾಣಿಕರಿಗೆ ಉಣಿಸಿತು. ಹೊಕ್ಕಾಯ್ಡೊ, ಕ್ಯೂಶುಗಳಿಗೂ ಅದು ಹಬ್ಬಿತು. ನಾನು ಕುಳಿತಿರುವ 383 ಸರಣಿಯೂ ಅದೇ ಪೀಳಿಗೆಯದು, ಗಂಟೆಗೆ 130 ಕಿ.ಮೀ.ವರೆಗೆ ಓಡುತ್ತದೆ.

ಅಗೆಮತ್ಸು ಬಳಿ ಎಡಗಡೆ ‘ನೆಝಾಮೆ ನೊ ತೊಕೊ’ ಮಿಂಚಿ ಮರೆಯಾಗುತ್ತದೆ. ಯಾರೋ ಕೊರೆದು ಜೋಡಿಸಿಟ್ಟಂತಿರುವ ಬಿಳಿ ಗ್ರಾನೈಟ್ ಬಂಡೆಗಳು, ಅವುಗಳ ನಡುವೆ ಕಡುಹಸಿರು ನೀರು. ಕಡಲಾಳದ ಅರಮನೆಯಿಂದ ಮರಳಿದ ಉರಾಶಿಮಾ ತಾರೊ ಕನಸಿನಿಂದ ಎದ್ದದ್ದು ಇಲ್ಲೇ ಎಂಬುದು ಊರಿನವರ ಕಥೆ. ಕ್ಯೋಟೊ–ಎಡೊ (ಇಂದಿನ ಟೋಕಿಯೊ) ನಡುವಿನ ಹಳೆಯ ನಕಾಸೆಂಡೊ ಹಾದಿಯೂ ಈ ಕಣಿವೆಯದೇ. ನಡೆದು ಹೋಗುವವರು ಹೊಳೆ ಬಳಸಿದಲ್ಲೆಲ್ಲ ಬಳಸಿದರು. ರೈಲೂ ಬಹುಮಟ್ಟಿಗೆ ಹಾಗೆಯೇ ಬಳಸುತ್ತದೆ.

ಕಿರಿದಾದ ಹಳಿಯ ಮೇಲಿನ ಈ ಓಟ ಜಪಾನಿನಾಚೆಗೂ ಹೋಯಿತು. ಇದೇ 1067 ಮಿ.ಮೀ. ಹಳಿಯ ಮೇಲೆ ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನ ವಿದ್ಯುತ್ ‘ಟಿಲ್ಟ್’ (ವಾಲುವ) ರೈಲು 1999ರ ಮೇ ತಿಂಗಳ ಪರೀಕ್ಷೆಯಲ್ಲಿ ಗಂಟೆಗೆ 210 ಕಿ.ಮೀ. ಮುಟ್ಟಿತು. ಅದೇ ರಾಜ್ಯದ ಬೆರಾಜಾಂಡೊ ಬಳಿ 2004ರ ನವೆಂಬರ್ ನಡುರಾತ್ರಿ, 60 ಕಿ.ಮೀ. ಮಿತಿಯ ತಿರುವನ್ನು ಡೀಸೆಲ್ ಟಿಲ್ಟ್ ರೈಲು 112 ಕಿ.ಮೀ.ಯಲ್ಲಿ ಹೊಕ್ಕು ಹಳಿ ತಪ್ಪಿತು. ಯಾರೂ ಸಾಯಲಿಲ್ಲ, ಗಾಯಗೊಂಡವರು ನೂರಕ್ಕೂ ಹೆಚ್ಚು. ವಾಲುವುದು ಕೂತವರ ಹಿತಕ್ಕೆ. ಗಾಲಿಯನ್ನು ಹಳಿಯ ಮೇಲೆ ಉಳಿಸುವುದು ಮಿತಿಯನ್ನು ಪಾಲಿಸುವ ಎಚ್ಚರವೇ.

ಮತ್ಸುಮೊತೊ ಕಳೆದು, ಕಾಮುರಿಕಿಯ ಉದ್ದನೆಯ ಸುರಂಗದ ಕತ್ತಲಿನಿಂದ ಹೊರಬಿದ್ದಾಗ ಬಲಗಡೆ ನೆಲವೇ ತಟಕ್ಕನೆ ಇಲ್ಲವಾದಂತೆ. ಕೆಳಗೆ ಝೆಂಕೊಜಿ ಬಯಲು, ನಡುವೆ ಚಿಕುಮಾ ನದಿ, ಇಳಿಜಾರಿನ ತುಂಬ ಮೆಟ್ಟಿಲುಗದ್ದೆಗಳು. ಇದು ಒಬಾಸುತೆ. ಗದ್ದೆಗೊಂದು ಚಂದ್ರ ಕಾಣುವ ಊರೆಂದು ಹೆಸರಾದದ್ದು. ವಯಸ್ಸಾದ ತಾಯಿಯನ್ನು ಮಗ ಬೆನ್ನ ಮೇಲೆ ಹೊತ್ತು ತಂದು ಬೆಟ್ಟದಲ್ಲಿ ಬಿಟ್ಟುಹೋದ, ಮನಸ್ಸು ತಡೆಯದೆ ಮರಳಿ ಬಂದು ಕರೆದೊಯ್ದ ಎಂಬ ಕಥೆಯೂ ಈ ಬೆಟ್ಟದ್ದೇ. ಶಿನಾನೊ ಇಲ್ಲಿ ನಿಲ್ಲುವುದಿಲ್ಲ.

ಇದರ ಮುಂದಿನ ಪೀಳಿಗೆಯಾಗಿ 385 ಸರಣಿಯನ್ನು, ಶಿನಾನೊ ಓಡಿಸುವ ಜೆಆರ್ ಟೋಕಾಯ್ ಸಂಸ್ಥೆ 2023ರಲ್ಲಿ ಘೋಷಿಸಿದೆ. ಗೈರೊ ಸಂವೇದಕದಿಂದ ತಿರುವನ್ನು ಇನ್ನಷ್ಟು ಕರಾರುವಾಕ್ಕಾಗಿ ಗುರುತಿಸಿ, ಓಲಾಟವನ್ನು ಮತ್ತಷ್ಟು ತಗ್ಗಿಸುವ ಗುರಿ ಅದರದು.

ಇಳಿಜಾರಿನ ತಿರುವಿನಲ್ಲಿ ಬೋಗಿ ಮತ್ತೆ ವಾಲಿತು. ಗದ್ದೆ, ನದಿ, ದೂರದ ಬೆಟ್ಟಸಾಲು ಎಲ್ಲ ಕಿಟಕಿಯಲ್ಲಿ ಓರೆಯಾಗಿ, ನಿಧಾನಕ್ಕೆ ನೇರವಾದವು. ಅಜ್ಜಿಯ ಕೈ ಗಂಟಿನ ಮೇಲೆ ಸಡಿಲವಾಗಿ ಬಿದ್ದಿತ್ತು. ಅವರಿಗೆ ಎಚ್ಚರವಾಗಲಿಲ್ಲ.